ಕೇರಿ ಬದಲಿಸಿದ ನಾಯಿ

ದತ್ತಾತ್ರೇಯನ ಪಟದಲ್ಲಿ ನಾಲ್ಕು ನಾಯಿಗಳಿರುತ್ತವೆ. ಮೂರು ಮುಖ, ಆರು ಕೈ, ಬೆನ್ನಿಗೆ ಆಕಳು, ಕಾಲ ಬಳಿ ನಾಯಿಗಳು. ಹುಮನಾಬಾದಿನ ಪಕ್ಕದ ಮಾಣಿಕನಗರಕ್ಕೆ ಮಾರ್ಗಶಿರದ ದತ್ತಜಯಂತಿಗೆ ಬರುವ ಭಕ್ತರಿಗೆ ಇದು ದಿನನಿತ್ಯ ಕಂಡ ಚಿತ್ರ. ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಮಾಣಿಕಪ್ರಭುಗಳನ್ನು ಸಂಪ್ರದಾಯ ದತ್ತನ ಅವತಾರವೆಂದೇ ಎಣಿಸುತ್ತದೆ. 1845ರಲ್ಲಿ ಅವರು ವಿರಜಾ ಮತ್ತು ಗುರುಗಂಗಾ ಸಂಗಮದ ಬಳಿ ನೆಲೆಸಿದ ಮೇಲೆ ಬೆಳೆದ ಊರು ಮಾಣಿಕನಗರ. 1865ರಲ್ಲಿ ಅಲ್ಲಿಯೇ ಸಮಾಧಿ. ಎಲ್ಲ ಮತಗಳೂ ಸತ್ಯವೆನ್ನುವ ಸಕಲಮತ ಸಂಪ್ರದಾಯದ ಪೀಠ ಅದು.

ಪಟದ ನಾಲ್ಕು ನಾಯಿಗಳನ್ನು ನಾಲ್ಕು ವೇದಗಳೆಂದು ಹೇಳುವುದು ವಾಡಿಕೆ. ಧರ್ಮಶಾಸ್ತ್ರಗಳು ಅಶುಚಿಯೆಂದು ಹೊರಗಿಟ್ಟ ಪ್ರಾಣಿಯನ್ನೇ ವೇದವೆಂದು ಕರೆದದ್ದು ಸಣ್ಣ ಮಾತಲ್ಲ. ದತ್ತನ ಹಳೆಯ ಶಿಲ್ಪಗಳಲ್ಲಿ ಒಂದೇ ಮುಖದವೂ ಇವೆ. ಮೂರು ಮುಖದ, ಆಕಳು ಮತ್ತು ನಾಯಿಗಳ ಈಗಿನ ರೂಪ ಜನಪ್ರಿಯವಾದದ್ದು ತಡವಾಗಿ. ಭೀಮಾತೀರದ ಗಾಣಗಾಪುರದಲ್ಲಿ ದತ್ತ ಮಧ್ಯಾಹ್ನದ ಭಿಕ್ಷೆಗೆ ಯಾವ ರೂಪದಲ್ಲಾದರೂ ಬರಬಹುದೆಂಬ ನಂಬಿಕೆ ಇರುವುದರಿಂದ, ಅಲ್ಲಿ ಬಾಗಿಲಿಗೆ ಬಂದ ನಾಯಿಯನ್ನು ಗದರಿ ಓಡಿಸಲು ಭಕ್ತರು ಹಿಂಜರಿಯುತ್ತಾರೆ. ನಾಲ್ಕು ನಾಯಿಗಳು ಒಂದೆಡೆ ಜಗಳವಿಲ್ಲದೆ ಕೂತಿರುವುದು ಮಾತ್ರ ಪಟದಲ್ಲಿ ಸುಲಭ, ಬೀದಿಯಲ್ಲಿ ಕಷ್ಟ.

ಇದೇ ಸೀಮೆಯ ಇನ್ನೊಬ್ಬ ದೇವರಿಗೂ ನಾಯಿ ಬೇಕು. ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣ ಮರಾಠಿಗರಿಗೆ ಖಂಡೋಬ. ಕುದುರೆಯೇರಿ ಬೇಟೆಗೆ ಹೊರಟ ಈ ದೇವರ ಜೊತೆ ನಾಯಿ ಓಡುತ್ತದೆ. ಅವನ ಹರಕೆಯ ಭಕ್ತರು, ಅಂದರೆ ಕನ್ನಡದ ಗೊರವರು ಮತ್ತು ಮರಾಠಿಯ ವಾಘ್ಯಾಗಳು, ದೇವರ ನಾಯಿಗಳೆಂದೇ ತಮ್ಮನ್ನು ಕರೆದುಕೊಳ್ಳುತ್ತಾರೆ. ಗೊರವಯ್ಯನು ದೋಣಿಯೆಂಬ ಪಾತ್ರೆಯಲ್ಲಿ ಸುರಿದ ಹಾಲು ಬಾಳೆಹಣ್ಣನ್ನು ಬೊಗಳುತ್ತ, ಬಾಯಿ ಹಾಕಿ ತಿನ್ನುವ ಆಚರಣೆ ಮೈಲಾರನ ಕ್ಷೇತ್ರಗಳಲ್ಲಿ ಇಂದಿಗೂ ಉಂಟು. ಒಂದೇ ದೋಣಿಗೆ ಹಲವರು ಬಾಯಿಡುವಾಗ ನಾಯಿಗಳಂತೆ ಕಿತ್ತಾಡುವ ಅಭಿನಯವೂ ಅದರ ಭಾಗ. ತಿನಿಸಿನ ಎದುರು ನಾಯಿಗಳಿಗೆ ಹೊಂದಿಕೆ ಇರದು ಎಂಬುದನ್ನು ಆಚರಣೆ ಕಟ್ಟಿದವರು ಚೆನ್ನಾಗಿ ಗಮನಿಸಿದ್ದರು.

ಅರಮನೆಯ ನಾಯಿಯ ಕಥೆ ಬೇರೆ. ಇಂದಿನ ಬಸವಕಲ್ಯಾಣ ಚಾಲುಕ್ಯರ ರಾಜಧಾನಿಯಾಗಿದ್ದಾಗ, ಮೂರನೆಯ ಸೋಮೇಶ್ವರನ ಹೆಸರಿನಲ್ಲಿ ಸುಮಾರು 1129ರಲ್ಲಿ ಸಿದ್ಧವಾದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’. ತಲಾ ಇಪ್ಪತ್ತು ಅಧ್ಯಾಯಗಳ ಐದು ಭಾಗಗಳಿರುವ ಈ ವಿಶ್ವಕೋಶದಲ್ಲಿ ಅರಸನ ವಿನೋದಗಳ ಸಾಲಿನಲ್ಲಿ ಆನೆ, ಕುದುರೆ, ಟಗರು, ಕೋಳಿಗಳ ಜೊತೆ ಸಾರಮೇಯ ವಿನೋದವೂ ಇದೆ, ಸಾರಮೇಯವೆಂದರೆ ನಾಯಿ. ಅರಸನ ಕಣ್ಣಿನಲ್ಲಿ ನಾಯಿ ಆಯ್ಕೆಯ, ತರಬೇತಿಯ, ಸ್ಪರ್ಧೆಯ ಪ್ರಾಣಿ. ಅಂಥ ನಾಯಿ ಒಡೆಯನಿಂದ ಒಡೆಯನಿಗೆ ಕೈ ಬದಲಿಸುತ್ತಿತ್ತು.

ಹೀಗೆ ಕೈ ಬದಲಿಸಿದ ನಾಯಿಗಳಲ್ಲಿ ಕನ್ನಡನಾಡು ಹೆಸರಿಟ್ಟು ನೆನೆಯುವುದು ಕಾಳಿಯನ್ನು. 949ರ ತಕ್ಕೋಲಂ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಕ್ಷದಲ್ಲಿದ್ದ ಗಂಗ ದೊರೆ ಬೂತುಗ, ಚೋಳ ರಾಜಾದಿತ್ಯನನ್ನು ಕೊಂದನು. ಅಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರನಿಗೆ ಬೇಕಾದ್ದನ್ನು ಕೇಳೆಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಬೆಳತೂರಿನ ಬೆಟ್ಟದ ಬಳಿ ದೊಡ್ಡ ಹಂದಿಯೊಂದರ ಮೇಲೆ ಕಾಳಿಯನ್ನು ಛೂ ಬಿಟ್ಟರು. ಹಂದಿ ಮತ್ತು ನಾಯಿ ಎರಡೂ ಸತ್ತವು. ಮದ್ದೂರು ತಾಲ್ಲೂಕಿನ ಆತಕೂರಿನ ಚಲ್ಲೇಶ್ವರ ಗುಡಿಯ ಎದುರು ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆಯ ಕಟ್ಟಳೆ ಮಾಡಲಾಯಿತು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಳಿಯು ಮರಿಯಾಗಿ ಬಂದದ್ದಲ್ಲ, ಬೆಳೆದ ನಾಯಿಯಾಗಿಯೇ ಹೊಸ ಒಡೆಯನಲ್ಲಿಗೆ ಬಂದದ್ದು. ಅಲ್ಲಿನ ಉಳಿದ ನಾಯಿಗಳ ಜೊತೆ ಅದು ಹೇಗೆ ಬೆರೆಯಿತೆಂಬುದು ಶಾಸನ ಕೊರೆಸಿದವರಿಗೆ ಮುಖ್ಯವೆನಿಸಲಿಲ್ಲ. ಮುಧೋಳದ ಘೋರ್ಪಡೆ ಅರಸರು ಇಪ್ಪತ್ತನೆಯ ಶತಮಾನದಲ್ಲಿ ಹೆಸರುವಾಸಿ ಮಾಡಿದ ಬೇಟೆನಾಯಿಗಳದ್ದೂ ಇದೇ ಅರಮನೆಯ ಪರಂಪರೆ.

ಅರಮನೆಯ ಹೊರಗೆ, ಹಳ್ಳಿಯಲ್ಲಿ, ನಾಯಿ ಯಾರೊಬ್ಬರ ಸ್ವತ್ತೂ ಆಗಿರಲಿಲ್ಲ. ಅದು ಕೇರಿಯದು. ಹತ್ತು ಮನೆಯ ತಂಗಳು ರೊಟ್ಟಿ ತಿಂದು ಹತ್ತು ಮನೆಗೂ ಬೊಗಳುತ್ತಿತ್ತು. ಕುರುಬರ ಹಟ್ಟಿಯ ನಾಯಿ ಮರಿಯಿದ್ದಾಗಿನಿಂದ ಕುರಿಯ ನಡುವೆಯೇ ಬೆಳೆದು ಹಟ್ಟಿಯೊಂದಿಗೆ ಸಾಗುತ್ತಿತ್ತು. ಒಂದು ಕೇರಿಯ ನಾಯಿ ಇನ್ನೊಂದು ಕೇರಿಗೆ ಹೆಜ್ಜೆಯಿಟ್ಟರೆ ಅಲ್ಲಿನವು ಸುತ್ತುಗಟ್ಟುತ್ತವೆ. ಬಂದದ್ದು ಬಾಲ ಮಡಚಿ, ಬೆನ್ನ ಮೇಲೆ ಮಲಗಿ ಶರಣಾದರೆ ಮೂಸಿ ಬಿಡುತ್ತವೆ, ಇಲ್ಲವಾದರೆ ಕಚ್ಚಾಟ. ಹೊಸ ನಾಯಿಯನ್ನು ಬೆರೆಸುವ ಕೆಲಸ ಹಳ್ಳಿಯಲ್ಲಿ ಮನುಷ್ಯರದ್ದಾಗಿರಲಿಲ್ಲ, ನಾಯಿಗಳದ್ದೇ ಆಗಿತ್ತು. ಅದು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಕೆಲವು ನಾಯಿಗಳು ಊರಂಚಿನಲ್ಲೇ ಉಳಿದುಬಿಡುತ್ತಿದ್ದವು.

ಕೇರಿಯ ನಾಯಿ ‘ಬೀದಿ ನಾಯಿ’ಯಾದದ್ದು ನಗರಾಡಳಿತದ ಕಾಗದಗಳಲ್ಲಿ. ಬ್ರಿಟಿಷರ ಬೊಂಬಾಯಿಯಲ್ಲಿ ನಾಯಿ ಕೊಂದವರಿಗೆ ಇನಾಮು ಕೊಡುತ್ತಿದ್ದುದರ ವಿರುದ್ಧ 1832ರಲ್ಲಿ ಪಾರ್ಸಿಗಳ ಮುಂದಾಳತ್ವದಲ್ಲಿ ಗಲಭೆಯೇ ಆಯಿತು. ಆದರೂ ಹುಚ್ಚುನಾಯಿ ಕಡಿತದ ಭಯದಿಂದ ಪುರಸಭೆಗಳು ನಾಯಿ ಕೊಲ್ಲುವುದು ಮುಂದಿನ ಶತಮಾನದುದ್ದಕ್ಕೂ ನಡೆದೇ ಇತ್ತು. ಭಯಕ್ಕೆ ಕಾರಣವಿತ್ತು: ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಇಂದಿಗೂ ಬಲು ಅಪರೂಪ. 1960ರಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆ ಬಂತು. ಅದರಡಿ 2001ರಲ್ಲಿ ಬಂದ ಜನನ ನಿಯಂತ್ರಣ ನಿಯಮಗಳು ನಾಯಿಯನ್ನು ಹಿಡಿದು, ಸಂತಾನಹರಣ ಚಿಕಿತ್ಸೆ ಮಾಡಿ, ರೇಬಿಸ್ ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಬೇಕೆಂದವು. 2023ರಲ್ಲಿ ಹೊಸ ನಿಯಮಗಳು ಬಂದಾಗಲೂ ಈ ಅಂಶ ಉಳಿಯಿತು. ಇದರ ಹಿಂದಿರುವುದು ಕೇರಿಯ ಹಳೆಯ ತಿಳಿವಳಿಕೆಯೇ. ಒಂದು ಗುಂಪನ್ನು ಎತ್ತಿ ಒಯ್ದರೆ ಖಾಲಿ ಜಾಗಕ್ಕೆ ಲಸಿಕೆಯಿಲ್ಲದ ಬೇರೆ ನಾಯಿಗಳು ನುಗ್ಗುತ್ತವೆ. ಒಯ್ದದ್ದನ್ನು ಇನ್ನೊಂದೆಡೆ ಬಿಟ್ಟರೆ ಅಲ್ಲಿ ಕಚ್ಚಾಟ. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ದೆಹಲಿಯ ಬೀದಿನಾಯಿಗಳನ್ನೆಲ್ಲ ಆಶ್ರಯಕೇಂದ್ರಗಳಿಗೆ ಸೇರಿಸಲು ಹೇಳಿ, ಅದೇ ತಿಂಗಳ 22ರಂದು ಆದೇಶ ಮಾರ್ಪಡಿಸಿ, ರೇಬಿಸ್ ಇಲ್ಲದ ಮತ್ತು ಕಚ್ಚುವ ಸ್ವಭಾವದ್ದಲ್ಲದ ನಾಯಿಗಳನ್ನು ಚಿಕಿತ್ಸೆಯ ನಂತರ ಮೊದಲಿನ ಜಾಗಕ್ಕೇ ಬಿಡಲು ಒಪ್ಪಿತು.

ಆಶ್ರಯಕೇಂದ್ರದಿಂದ ದತ್ತು ಬರುವ ನಾಯಿ ಈ ಇತಿಹಾಸದಲ್ಲಿ ಹೊಸದು. ಅದಕ್ಕೆ ಕೇರಿಯೂ ಇಲ್ಲ, ಹಟ್ಟಿಯೂ ಇಲ್ಲ. ನಾಯಿಗಳ ವರ್ತನೆಯ ಸಂಶೋಧಕರಾದ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ 1965ರ ತಮ್ಮ ಗ್ರಂಥದಲ್ಲಿ ತೋರಿಸಿದಂತೆ, ಮರಿ ಪರರೊಡನೆ ಬೆರೆಯಲು ಕಲಿಯುವ ಮುಖ್ಯ ಕಾಲ ಹುಟ್ಟಿದ ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗೆ. ಬೆಳೆದ ನಾಯಿಗೆ ಆ ಕಾಲ ಕಳೆದಿರುತ್ತದೆ. ಆಗ ಕಲಿತದ್ದನ್ನು ತಿದ್ದಬಹುದು. ಕಲಿಯದೇ ಉಳಿದದ್ದನ್ನು ಪೂರ್ತಿ ತುಂಬಿಕೊಡುವುದು ಕಷ್ಟ. ಕೇರಿಯಲ್ಲಿ ಬೆಳೆದ ನಾಯಿಗೆ ಇಲ್ಲೊಂದು ಅನುಕೂಲವಿದೆ. ಮರಿಯಾಗಿದ್ದಾಗಲೇ ಹತ್ತು ನಾಯಿಗಳ ನಡುವೆ ಓಡಾಡಿದ ಅದಕ್ಕೆ ಬಾಲ, ಕಿವಿ, ಕಣ್ಣಿನ ಭಾಷೆ ಗೊತ್ತಿರುತ್ತದೆ. ತಾಯಿಯಿಂದ ಬೇಗ ಬಿಡಿಸಿ ಮಾರಿದ ಜಾತಿನಾಯಿಗೆ ಎಷ್ಟೋ ಸಲ ಗೊತ್ತಿರುವುದಿಲ್ಲ.

ಈಗಾಗಲೇ ನಾಯಿಯಿರುವ ಮನೆಗೆ ಇನ್ನೊಂದನ್ನು ಬೆರೆಸಲು ಇಂದು ರೂಢಿಯಲ್ಲಿರುವ ಕ್ರಮ ಹಳ್ಳಿಯ ನಾಯಿಗಳು ತಾವೇ ಮಾಡುತ್ತಿದ್ದುದನ್ನು ನಿಧಾನಗೊಳಿಸಿದ ರೂಪ. ತಂದ ನಾಯಿಯನ್ನು ಪಶುವೈದ್ಯರಿಗೆ ತೋರಿಸಿ, ಲಸಿಕೆ ಪೂರ್ಣವಾಗುವವರೆಗೆ ಪ್ರತ್ಯೇಕವಾಗಿ ಇಡುತ್ತಾರೆ. ಮೊದಲ ವಾರಗಳು ಮನೆ ಮತ್ತು ಮನೆಯವರ ಪರಿಚಯಕ್ಕೆ. ಆಮೇಲಿನ ಭೇಟಿ ಹಳೆಯ ನಾಯಿಯ ಅಂಗಳದಲ್ಲಲ್ಲ, ಎರಡು ನಾಯಿಗಳಿಗೂ ಸೇರದ ಬಯಲಿನಲ್ಲಿ. ಇಬ್ಬರು ಎರಡು ನಾಯಿಗಳನ್ನು ಸಡಿಲ ಹಗ್ಗದಲ್ಲಿ ಹಿಡಿದು ದೂರದೂರದಲ್ಲಿ ಒಂದೇ ದಿಕ್ಕಿಗೆ ನಡೆಸುತ್ತಾರೆ, ದಿನದಿಂದ ದಿನಕ್ಕೆ ಅಂತರ ಕಡಿಮೆ ಮಾಡುತ್ತಾರೆ. ಹಗ್ಗ ಬಿಗಿಯಾದರೆ ನಾಯಿಗೆ ತಪ್ಪಿಸಿಕೊಳ್ಳುವ ದಾರಿ ಮುಚ್ಚಿದಂತಾಗಿ ಗುರುಗುಟ್ಟುತ್ತದೆ. ಮುಖಕ್ಕೆ ಮುಖ ಕೊಟ್ಟು ನಿಲ್ಲಿಸುವುದಿಲ್ಲ; ಪಕ್ಕದಿಂದ ಬಳಸಿ ಬಂದು ಬಾಲದ ಬುಡ ಮೂಸುವುದು ನಾಯಿಗಳ ಮರ್ಯಾದೆ. ಮೈ ಸೆಟೆದು, ದಿಟ್ಟಿ ನೆಟ್ಟು, ಬೆನ್ನ ಕೂದಲು ನಿಮಿರಿದರೆ ಗದರದೆ ಅಂತರ ಹೆಚ್ಚಿಸುತ್ತಾರೆ. ಗುರುಗುಟ್ಟಿದ್ದಕ್ಕೆ ಹೊಡೆದರೆ ನಾಯಿ ಗುರುಗುಟ್ಟುವುದನ್ನು ಬಿಡುತ್ತದೆ, ಕಚ್ಚುವುದನ್ನು ಬಿಡುವುದಿಲ್ಲ. ಮನೆಯೊಳಗೆ ಒಟ್ಟಿಗೆ ಬಿಟ್ಟ ಮೇಲೂ ಊಟದ ತಟ್ಟೆಗಳು ಬೇರೆ ಬೇರೆ ಮೂಲೆಯಲ್ಲಿರುತ್ತವೆ. ಕೆಲವು ನಾಯಿಗಳು ಎಷ್ಟೇ ಕಾಲ ಕೊಟ್ಟರೂ ಇನ್ನೊಂದು ನಾಯಿಯನ್ನು ಸಹಿಸುವುದಿಲ್ಲ. ಅವಕ್ಕೆ ಬೇರೆ ನಾಯಿ ಇಲ್ಲದ ಮನೆ ಹುಡುಕುತ್ತಾರೆ.