ನೇಮಕಲ್ಲು ಸೀಮೆಯಲ್ಲಿ ಸೈಕಲ್ ಸಂಚಾರ: ನೆಲ, ಗಾಳಿ, ಬಿಸಿಲು

ಅನಂತಪುರ ಜಿಲ್ಲೆಯ ಬೊಮ್ಮನಹಾಳ್ ಮಂಡಲದ ನೇಮಕಲ್ಲು ಆಂಜನೇಯ ಕ್ಷೇತ್ರವೆಂದು ಗಡಿಯ ಎರಡೂ ಬದಿಯವರಿಗೆ ಪರಿಚಿತ. ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗ ತಾಲ್ಲೂಕು 1953ರಲ್ಲಿ ಆಂಧ್ರಕ್ಕೆ ಸೇರಿತು. ಈ ಸೀಮೆಯಲ್ಲಿ ಕನ್ನಡ ಮಾಧ್ಯಮದ ಪ್ರೌಢಶಾಲೆ ಪಕ್ಕದೂರಿನಲ್ಲಿದ್ದು, ಮನೆಯಲ್ಲಿ ಮೋಟಾರು ವಾಹನವಿಲ್ಲದಿದ್ದರೆ, ಮಗುವಿನ ಓದು ಸೈಕಲ್ಲನ್ನೇ ನಂಬಿರುತ್ತದೆ. ಆ ಸೈಕಲ್ ಎಷ್ಟು ದೂರ ಸಾಗೀತೆಂಬುದನ್ನು ನೆಲ ಮತ್ತು ಹವೆ ನಿರ್ಧರಿಸುತ್ತವೆ.

ಗಾಳಿ: ಜೂನ್‌ನಿಂದ ಆಗಸ್ಟ್‌ವರೆಗೆ ನೈರುತ್ಯ ಹಾಗೂ ಪಶ್ಚಿಮ ದಿಕ್ಕಿನಿಂದ ಬಲವಾದ ಗಾಳಿ ಬೀಸುತ್ತದೆ. ಶಾಲೆ ತೆರೆಯುವುದೂ ಇದೇ ಕಾಲಕ್ಕೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಗಂಟೆಗೆ 12 ಕಿ.ಮೀ. ವೇಗದಲ್ಲಿ ಸಾಗುವ ಸೈಕಲ್ಲಿಗೆ 20 ಕಿ.ಮೀ. ವೇಗದ ಎದುರುಗಾಳಿ ಸಿಕ್ಕರೆ ತಡೆ ಸುಮಾರು ಏಳು ಪಟ್ಟಾಗುತ್ತದೆ. ಶಾಲೆಗೆ ಪೂರ್ವದಲ್ಲಿರುವ ಊರಿನ ಮಕ್ಕಳಿಗೆ ಬೆಳಿಗ್ಗೆ, ಪಶ್ಚಿಮದ ಊರಿನವರಿಗೆ ಸಂಜೆ ಈ ಕಷ್ಟ.

ಮರಳು: ಇದೇ ಗಾಳಿ ವೇದಾವತಿ ನದಿಯ, ಅಂದರೆ ಹಗರಿಯ, ಒಣ ಪಾತ್ರದಿಂದ ಮರಳನ್ನು ಹೊತ್ತು ತಂದು ಬೊಮ್ಮನಹಾಳ್, ಕಣೇಕಲ್ ಕಡೆಯ ಹೊಲಗಳಲ್ಲಿ ದಿಬ್ಬಗಳನ್ನು ಕಟ್ಟಿದೆ. ದಾರಿಯ ಮೇಲೆ ಮರಳು ಹಾಸಿದರೆ ಚಕ್ರ ಹೂತು ಜಾರುತ್ತದೆ. ಇಳಿದು ತಳ್ಳುವುದೊಂದೇ ದಾರಿ.

ಮಳೆ, ಬಿಸಿಲು: ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ ಸುಮಾರು 550 ಮಿ.ಮೀ. ಪಶ್ಚಿಮ ಘಟ್ಟಗಳ ಮಳೆನೆರಳಿನಲ್ಲಿರುವುದೇ ಇದಕ್ಕೆ ಮುಖ್ಯ ಕಾರಣ. ಮಳೆಯಿಂದ ಸಂಚಾರ ತಪ್ಪುವ ದಿನಗಳು ಕಡಿಮೆಯೆಂಬುದು ಅನುಕೂಲವೇ ಸರಿ. ಆದರೆ ಎರೆನೆಲದ ಕಚ್ಚಾ ದಾರಿಯಲ್ಲಿ ಒಂದು ಹದಮಳೆ ಬಿದ್ದರೂ ಮಣ್ಣು ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಮೆತ್ತಿ ಸೈಕಲ್ ನಿಂತುಬಿಡುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣತೆ 40 ಡಿಗ್ರಿ ದಾಟುವುದುಂಟು. ದಾರಿಯಲ್ಲಿ ನೆರಳು ವಿರಳ. ವರ್ಷವಿಡೀ ಕಾಡುವುದು ಬಳ್ಳಾರಿ ಜಾಲಿಯ ಮುಳ್ಳು. ಪಂಕ್ಚರ್ ಹಾಕುವ ಅಂಗಡಿ ಊರಿಗೊಂದು ಇರುವುದಿಲ್ಲ.

ಏರು: 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿರುವ ಮಡಕಶಿರಾ ಭಾಗದಲ್ಲಿ ಗುಡ್ಡಗಳ ಏರಿಳಿತವೂ ಸೇರುತ್ತದೆ. ಮಗು, ಸೈಕಲ್, ಪುಸ್ತಕದ ಚೀಲ ಕೂಡಿ 60 ಕಿಲೋ ಎಂದಿಟ್ಟುಕೊಳ್ಳೋಣ. ನೂರು ಮೀಟರಿಗೆ ಮೂರು ಮೀಟರ್ ಏರುವ ರಸ್ತೆಯಲ್ಲಿ ಸುಮಾರು ಎರಡು ಕಿಲೋ ಭಾರ ಸತತವಾಗಿ ಹಿಂದಕ್ಕೆ ಜಗ್ಗಿದಂತಾಗುತ್ತದೆ. ಗೇರಿಲ್ಲದ ಸೈಕಲ್ಲಿಗೆ ಇದು ಸಣ್ಣ ಹೊರೆಯಲ್ಲ.

ಪರಿಹಾರ: ಶಾಲೆಗಳನ್ನು ವಿಲೀನಗೊಳಿಸುವಾಗ ಅಧಿಕಾರಿಗಳು ನೋಡುವುದು ನಕ್ಷೆಯ ಕಿಲೋಮೀಟರುಗಳನ್ನು. ನಕ್ಷೆಯಲ್ಲಿ ಐದು ಕಿ.ಮೀ. ಎಂದಿರುವುದು ಆಷಾಢದ ಎದುರುಗಾಳಿಯಲ್ಲಿ ಐದಾಗಿ ಉಳಿಯುವುದಿಲ್ಲ. ರಸ್ತೆಯ ಪಶ್ಚಿಮ ಬದಿಯಲ್ಲಿ ಹೊಂಗೆ, ಬೇವಿನ ಸಾಲು ಬೆಳೆಸಿದರೆ ಗಾಳಿ, ಮರಳು, ಸಂಜೆಬಿಸಿಲು ಮೂರಕ್ಕೂ ತಡೆಯಾದೀತು. ಗಾಳಿಕಾಲದ ಮೂರು ತಿಂಗಳಾದರೂ ಶಾಲಾ ವೇಳೆಗೆ ಬಸ್ಸು ಬೇಕು. ಮಾತೃಭಾಷೆಯ ಪ್ರಾಥಮಿಕ ಶಿಕ್ಷಣಕ್ಕೆ ಸೌಲಭ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಮುಂದಿನ ತರಗತಿಗೆ ಮಗು ತಲುಪುವ ದಾರಿಯೇ ಇಲ್ಲದಿದ್ದರೆ ಆ ಸೌಲಭ್ಯ ಅರ್ಧಕ್ಕೇ ನಿಲ್ಲುತ್ತದೆ.