‘ಗ್ಯಾಸ್’ ಅಂದ್ರೆ ಯಾವ ಗ್ಯಾಸ್? ಒಲೆ, ಹೊಟ್ಟೆ, ಎದೆನೋವು ಎಲ್ಲಕ್ಕೂ ಒಂದೇ ಪದ ಸಾಕೇ?

ಹಾಸನ ತಾಲ್ಲೂಕಿನ ದುದ್ದ ಹೋಬಳಿಯ ಯಾವುದಾದರೂ ಮನೆಯಲ್ಲಿ ಬೆಳಿಗ್ಗೆ ಕಿವಿಗೆ ಬೀಳುವ ಮಾತುಗಳನ್ನು ನೆನಪಿಸಿಕೊಳ್ಳಿ. “ಗ್ಯಾಸ್ ಮೇಲೆ ಹಾಲಿಟ್ಟಿದೀನಿ, ಉಕ್ಕೀತು ನೋಡ್ಕೊ.” “ಗ್ಯಾಸ್ ಬುಕ್ ಮಾಡಿದ್ಯೇನಪ್ಪ?” “ರಾತ್ರಿಯೆಲ್ಲಾ ಗ್ಯಾಸು ಕಣವ್ವ, ನಿದ್ದೇನೇ ಬರ್ಲಿಲ್ಲ.” ಮೊದಲನೆಯದು ಒಲೆ, ಎರಡನೆಯದು ಸಿಲಿಂಡರ್, ಮೂರನೆಯದು ಹೊಟ್ಟೆ. ಕೇಳಿದವರು ಯಾರೂ ಗಲಿಬಿಲಿಗೊಳ್ಳುವುದಿಲ್ಲ. ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳುತ್ತಾರೆ.

ಇದೇ ಪದ ಇರುವ ನಾಲ್ಕನೆಯ ಮಾತೊಂದಿದೆ. “ಎದೆ ಹಿಡ್ಕೊಂಡಂಗೆ ಆಯ್ತದೆ, ಗ್ಯಾಸ್ ಇರ್ಬೇಕು ಬಿಡು.” ಇಲ್ಲಿ ಮಾತ್ರ ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳಲು ಆಗುವುದಿಲ್ಲ. ಅದು ನಿಜಕ್ಕೂ ಹೊಟ್ಟೆಯ ಗ್ಯಾಸ್ ಆಗಿರಬಹುದು, ಹೃದಯಾಘಾತವೂ ಆಗಿರಬಹುದು. ಹೇಳುವವರಿಗೂ ಗೊತ್ತಿರುವುದಿಲ್ಲ, ಕೇಳುವವರಿಗೂ ಗೊತ್ತಾಗುವುದಿಲ್ಲ.

ಈ ಪದ ಎಲ್ಲಿಂದ ಬಂತು?

‘ಗ್ಯಾಸ್’ ಅನ್ನುವುದು ಒಬ್ಬ ವಿಜ್ಞಾನಿ ಕಟ್ಟಿದ ಪದ. 17ನೇ ಶತಮಾನದಲ್ಲಿ ಈಗಿನ ಬೆಲ್ಜಿಯಂ ಭಾಗದಲ್ಲಿದ್ದ ವೈದ್ಯ ಯಾನ್ ಬ್ಯಾಪ್ಟಿಸ್ಟ್ ವಾನ್ ಹೆಲ್ಮಾಂಟ್, ಇದ್ದಿಲು ಸುಟ್ಟಾಗ ಕಣ್ಣಿಗೆ ಕಾಣದ ಏನೋ ಒಂದು ಹೊರಬರುತ್ತದೆ, ಅದು ನಾವು ಉಸಿರಾಡುವ ಗಾಳಿಯಲ್ಲ ಎಂದು ಗುರುತಿಸಿದ. ಅದಕ್ಕೊಂದು ಹೆಸರು ಬೇಕಿತ್ತು. ‘ಆಕಾರವಿಲ್ಲದ ಅವ್ಯವಸ್ಥೆ’ ಎಂಬ ಅರ್ಥದ ಗ್ರೀಕ್ ಪದ ‘ಖಾವೋಸ್’ ಅನ್ನು ತನ್ನ ನುಡಿಗೆ ಒಗ್ಗಿಸಿ ‘ಗಾಸ್’ ಎಂದ. ಅವನು ತೀರಿಕೊಂಡ ಮೇಲೆ, 1648ರಲ್ಲಿ ಅಚ್ಚಾದ ಅವನ ಪುಸ್ತಕದಿಂದ ಪದ ಹರಡಿತು.

ಕನ್ನಡದ ಪಠ್ಯಪುಸ್ತಕಗಳು ಇದಕ್ಕೆ ‘ಅನಿಲ’ ಎನ್ನುತ್ತವೆ. ಸಂಸ್ಕೃತದಲ್ಲಿ ಅದಕ್ಕೆ ಗಾಳಿ ಎಂಬ ಅರ್ಥ. ‘ಅನಿಲ ಸೋರಿಕೆ’ ಎಂದು ಪತ್ರಿಕೆಯಲ್ಲಿ ಓದುತ್ತೇವೆ. ಆದರೆ “ಅನಿಲ ಆಫ್ ಮಾಡು” ಎಂದು ಯಾರೂ ಹೇಳುವುದಿಲ್ಲ.

ಸಿಲಿಂಡರ್‌ನ ಗ್ಯಾಸ್ ಮತ್ತು ಅದರ ಫಾರ್ವರ್ಡ್‌ಗಳು

ಅಡುಗೆಮನೆಯ 14.2 ಕೆ.ಜಿ. ಸಿಲಿಂಡರ್‌ನೊಳಗೆ ಇರುವುದು ಬಹುಪಾಲು ದ್ರವ. ಪ್ರೊಪೇನ್ ಮತ್ತು ಬ್ಯೂಟೇನ್ ಎಂಬ ಎರಡು ಅನಿಲಗಳನ್ನು ಒತ್ತಡ ಹಾಕಿ ದ್ರವ ಮಾಡಿ ತುಂಬಿರುತ್ತಾರೆ. ಈ ಅನಿಲಗಳಿಗೆ ಸ್ವಂತ ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ನಮಗೆ ಬರುವ ಕೊಳೆತ ನಾತ ಸೋರಿಕೆ ಗೊತ್ತಾಗಲಿ ಎಂದು ಬೆರೆಸಿದ ಮರ್‌ಕ್ಯಾಪ್ಟನ್ ಎಂಬ ರಾಸಾಯನಿಕದ್ದು.

ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗದೆ ನೆಲದ ಮಟ್ಟದಲ್ಲಿ, ಮೂಲೆಗಳಲ್ಲಿ ಕೂರುತ್ತದೆ. ಹಾಗಾಗಿ ಮೇಲಿನ ಕಿಟಕಿ ತೆರೆದರೆ ಸಾಲದು, ಬಾಗಿಲನ್ನೂ ತೆರೆಯಬೇಕು. ಸ್ವಿಚ್ ಹಾಕಲೂಬಾರದು, ಆರಿಸಲೂಬಾರದು. ಎರಡರಲ್ಲೂ ಕಿಡಿ ಹಾರಬಹುದು. ರೆಗ್ಯುಲೇಟರ್ ಬಂದ್ ಮಾಡಿ ಹೊರಗೆ ಬಂದು 1906ಕ್ಕೆ ಕರೆ ಮಾಡಿ.

ಸಿಲಿಂಡರ್ ಬಗ್ಗೆ ವರ್ಷವೂ ಸುತ್ತುವ ಫಾರ್ವರ್ಡ್ ಒಂದಿದೆ: “ಸಿಲಿಂಡರ್ ಮೇಲೆ ಬರೆದಿರುವ ಎ, ಬಿ, ಸಿ, ಡಿ ಅಕ್ಷರ ಎಕ್ಸ್‌ಪೈರಿ ಡೇಟ್, ಅದು ಮುಗಿದರೆ ಬಾಂಬ್!” ಇದು ಅರ್ಧ ನಿಜ. ಎ ಅಂದರೆ ಜನವರಿಯಿಂದ ಮಾರ್ಚ್, ಬಿ ಅಂದರೆ ಏಪ್ರಿಲ್‌ನಿಂದ ಜೂನ್, ಹೀಗೆ ಮೂರು ಮೂರು ತಿಂಗಳು. ಪಕ್ಕದ ಅಂಕೆ ವರ್ಷ. ಆದರೆ ಅದು ಆ ಸಿಲಿಂಡರ್‌ಗೆ ಮರುಪರೀಕ್ಷೆ ಆಗಬೇಕಾದ ಅವಧಿ, ಸಿಡಿಯುವ ದಿನಾಂಕವಲ್ಲ. ಅವಧಿ ಮೀರಿದ ಸಿಲಿಂಡರ್ ಮನೆಗೆ ಬಂದರೆ ವಾಪಸ್ ಕೊಟ್ಟು ಬೇರೆ ಕೇಳುವುದು ನಿಮ್ಮ ಹಕ್ಕು. ಇನ್ನು, ಒದ್ದೆ ಬಟ್ಟೆಯಿಂದ ಸಿಲಿಂಡರ್ ಒರೆಸಿದರೆ ಎಷ್ಟು ಗ್ಯಾಸ್ ಉಳಿದಿದೆ ಎಂದು ತಿಳಿಯುತ್ತದೆ ಎನ್ನುವ ಫಾರ್ವರ್ಡ್ ನಿಜವೇ. ಒಳಗೆ ದ್ರವ ಇರುವಷ್ಟು ಭಾಗ ನಿಧಾನವಾಗಿ ಒಣಗುತ್ತದೆ.

ಸಗಣಿಯ ಗೋಬರ್ ಗ್ಯಾಸ್ ಬೇರೆಯೇ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮೀಥೇನ್, ಉಳಿದದ್ದು ಹೆಚ್ಚಾಗಿ ಕಾರ್ಬನ್ ಡೈಆಕ್ಸೈಡ್. ಹಾಸನದಿಂದ ಬೆಂಗಳೂರಿಗೆ ಹೋಗುವ ದಾರಿಯ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 1980ರ ದಶಕದಲ್ಲಿ ಊರಿನ ಸಗಣಿ ಸೇರಿಸಿ ಇದೇ ಗ್ಯಾಸ್‌ನಿಂದ ಎಂಜಿನ್ ಓಡಿಸಿ ದೀಪ ಹತ್ತಿಸಿದ್ದರು, ನೀರೆತ್ತಿದ್ದರು. ಗುಂಡಿ ಶುಚಿ ಮಾಡಲು ಮಾತ್ರ ಯಾರೂ ಸುಮ್ಮನೆ ಒಳಗೆ ಇಳಿಯಬೇಡಿ. ಅಲ್ಲಿ ಉಸಿರಾಡುವ ಆಮ್ಲಜನಕ ಇರುವುದಿಲ್ಲ.

ಹಿರಿಯರು ‘ಗ್ಯಾಸ್ ಲೈಟು’ ಎನ್ನುವ ಪೆಟ್ರೋಮ್ಯಾಕ್ಸ್‌ನೊಳಗೆ ಇದ್ದದ್ದು ಸೀಮೆಎಣ್ಣೆ, ಆವಿಯಾಗಿ ಉರಿಯುತ್ತಿತ್ತು ಅಷ್ಟೆ. ಅಮೆರಿಕದಲ್ಲಿರುವ ಮಗ “ಗ್ಯಾಸ್ ಹಾಕಿಸ್ಕೊಂಡು ಬಂದೆ” ಎಂದರೆ ಅದು ಪೆಟ್ರೋಲು. ಅಲ್ಲಿ ಗ್ಯಾಸೋಲಿನ್ ಎಂಬ ಪದವನ್ನು ಮೊಟಕು ಮಾಡಿಕೊಂಡಿದ್ದಾರೆ.

ಹೊಟ್ಟೆಯ ಗ್ಯಾಸ್, ‘ಗ್ಯಾಸ್ಟ್ರಿಕ್’ ಎಂಬ ಕಾಯಿಲೆ

ನಮ್ಮಲ್ಲಿ ಮೊದಲು ಇದಕ್ಕೆ ‘ವಾಯು’ ಎನ್ನುತ್ತಿದ್ದರು. ಈಗಲೂ ಅಜ್ಜಿಯರ ಬಾಯಲ್ಲಿ ಅದೇ ಪದ. ಹೊಟ್ಟೆ ಉಬ್ಬರಕ್ಕೂ ವಾಯು, ಬೆನ್ನು ಹಿಡಿದರೂ ವಾಯು, ಭುಜ ಸೆಳೆದರೂ ವಾಯು, ಎದೆ ಚುಚ್ಚಿದರೂ ವಾಯು. ಮೈಯಲ್ಲಿ ವಾಯು ಓಡಾಡುತ್ತದೆ ಎಂಬ ತಿಳಿವಳಿಕೆ ಅದು. ‘ಗ್ಯಾಸ್’ ಎಂಬ ಇಂಗ್ಲಿಷ್ ಪದ ಬಂದಾಗ ಖಾಲಿ ಜಾಗಕ್ಕೆ ಬರಲಿಲ್ಲ, ವಾಯುವಿನ ಈ ಎಲ್ಲ ಅರ್ಥಗಳನ್ನೂ ಹೊತ್ತುಕೊಂಡಿತು. ಸಂವಹನ ಓದಿದವಳಾಗಿ ನನಗೆ ಇಡೀ ವಿಷಯದ ಬೇರು ಇಲ್ಲೇ ಇದೆ ಅನ್ನಿಸುತ್ತದೆ. ಪದ ಹೊಸದು, ವೈಜ್ಞಾನಿಕವಾಗಿಯೂ ಕೇಳಿಸುತ್ತದೆ. ನಂಬಿಕೆ ಮಾತ್ರ ಹಳೆಯದೇ.

‘ಗ್ಯಾಸ್ಟ್ರಿಕ್’ ಕಥೆ ಇನ್ನೂ ತಮಾಷೆಯದು. ಇಂಗ್ಲಿಷಿನಲ್ಲಿ ಅದು ಕಾಯಿಲೆಯ ಹೆಸರಲ್ಲ, ‘ಜಠರಕ್ಕೆ ಸಂಬಂಧಿಸಿದ’ ಎಂಬ ವಿಶೇಷಣ. ಅದಕ್ಕೂ ‘ಗ್ಯಾಸ್’ಗೂ ಬೇರು ಒಂದೇ ಅಲ್ಲ. ನಾವು “ನಂಗೆ ಗ್ಯಾಸ್ಟ್ರಿಕ್ ಇದೆ” ಎಂದಾಗ ಎದೆಯುರಿ, ಹುಳಿತೇಗು, ಹುಣ್ಣು, ಉಬ್ಬರ, ಅಜೀರ್ಣ ಎಲ್ಲವೂ ಅದರೊಳಗೆ ಸೇರಿಕೊಳ್ಳುತ್ತವೆ. ಇದರಿಂದ ನಷ್ಟವೂ ಇದೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗುವ ‘ಗ್ಯಾಸ್ ಮಾತ್ರೆ’ ಹೆಚ್ಚಿನವರ ಪಾಲಿಗೆ ಪ್ಯಾಂಟೊಪ್ರಜೋಲ್ ಅಥವಾ ಅದರ ಜಾತಿಯದು. ಅದು ಕಡಿಮೆ ಮಾಡುವುದು ಹೊಟ್ಟೆಯ ಆಮ್ಲವನ್ನು, ಗ್ಯಾಸನ್ನಲ್ಲ. ಉಬ್ಬರಕ್ಕೆಂದು ವರ್ಷಗಟ್ಟಲೆ ನುಂಗುವವರು ತಮಗಿಲ್ಲದ ತೊಂದರೆಗೆ ಔಷಧಿ ತೆಗೆದುಕೊಳ್ಳುತ್ತಿರಬಹುದು.

ನಿಜವಾದ ಹೊಟ್ಟೆಯ ಗ್ಯಾಸ್ ಬರುವುದು ಎರಡು ಕಡೆಯಿಂದ. ಊಟದ ಜೊತೆ ನುಂಗಿದ ಗಾಳಿ ಒಂದು. ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ಉಳಿದದ್ದನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಹುದುಗಿಸಿದಾಗ ಹುಟ್ಟುವುದು ಇನ್ನೊಂದು. ಅವರೆ, ಹುರುಳಿ, ಅಲಸಂದೆಯಲ್ಲಿ ನಮ್ಮ ದೇಹ ಒಡೆಯಲಾರದ ಕೆಲವು ಸಕ್ಕರೆಗಳಿವೆ, ಹಾಗಾಗಿ ಅವು ಹೆಚ್ಚು ಗ್ಯಾಸ್ ಮಾಡುತ್ತವೆ. ರಾತ್ರಿ ನೆನೆಹಾಕಿ ಆ ನೀರು ಚೆಲ್ಲಿದರೆ ಸ್ವಲ್ಪ ಕಡಿಮೆ. ಹಾಸನದ ಆಲೂಗಡ್ಡೆಗೆ ‘ವಾಯು’ ಎಂಬ ಅಪವಾದ ಇದೆಯಲ್ಲ, ಅದು ಸ್ವಲ್ಪ ಅತಿಯೇ. ಬೇಯಿಸಿ ತಣ್ಣಗಾದ ಆಲೂಗಡ್ಡೆಯಲ್ಲಿ ಜೀರ್ಣವಾಗದ ಪಿಷ್ಟ ಹೆಚ್ಚುತ್ತದೆ ನಿಜ, ಆದರೆ ಅವರೆಕಾಳಿನ ಮುಂದೆ ಅದು ಏನೂ ಅಲ್ಲ. ದಿನಕ್ಕೆ ಹತ್ತು ಹದಿನೈದು ಸಲ ಗ್ಯಾಸ್ ಹೋಗುವುದು ಆರೋಗ್ಯವಂತರಲ್ಲೂ ಸಹಜ.

ಹೊಟ್ಟೆಯ ಗ್ಯಾಸ್ ‘ಮೇಲೇರಿ’ ಹೃದಯಕ್ಕೆ ಹೊಡೆಯುತ್ತದೆಯೇ?

ಇಲ್ಲ. ಅನ್ನನಾಳ, ಜಠರ, ಕರುಳು ಒಂದು ಕೊಳವೆ. ಹೃದಯ ಮತ್ತು ರಕ್ತನಾಳಗಳು ಬೇರೆ ವ್ಯವಸ್ಥೆ. ಕರುಳಿನ ಗ್ಯಾಸ್ ಹೃದಯದೊಳಗೆ ಹೋಗಲು ದಾರಿಯೇ ಇಲ್ಲ. ಹೃದಯಾಘಾತ ಆಗುವುದು ಹೃದಯದ ಸ್ನಾಯುವಿಗೆ ರಕ್ತ ಕೊಡುವ ನಾಳದಲ್ಲಿ ಹೆಪ್ಪುಗಟ್ಟಿದಾಗ. “ಗ್ಯಾಸ್ ಜಾಸ್ತಿಯಾಗಿ ಹಾರ್ಟ್ ಅಟ್ಯಾಕ್ ಆಯ್ತು” ಎಂಬ ಮಾತು ಸಾಮಾನ್ಯವಾಗಿ ತಲೆಕೆಳಗು. ಆದದ್ದು ಹೃದಯಾಘಾತ, ಅದನ್ನು ಗ್ಯಾಸ್ ಎಂದುಕೊಂಡಿದ್ದರು.

ಗೊಂದಲ ಮಾತ್ರ ಸಹಜವೇ. ಹೃದಯದಿಂದಲೂ ಅನ್ನನಾಳದಿಂದಲೂ ನೋವಿನ ಸುದ್ದಿ ಒಯ್ಯುವ ನರಗಳು ಬೆನ್ನುಹುರಿಯ ಹೆಚ್ಚುಕಡಿಮೆ ಒಂದೇ ಭಾಗಕ್ಕೆ ಬಂದು ಸೇರುತ್ತವೆ. ಸುದ್ದಿ ಯಾವ ಕಡೆಯದು ಎಂದು ಮಿದುಳಿಗೆ ಬಿಡಿಸಿ ಗೊತ್ತಾಗುವುದಿಲ್ಲ. ಹೃದಯದ ಕೆಳಭಾಗಕ್ಕೆ ಆಘಾತವಾದಾಗ ನೋವು ಹೊಟ್ಟೆಯ ಮೇಲ್ಭಾಗದಲ್ಲೇ ಕಾಣಿಸಬಹುದು, ವಾಕರಿಕೆ, ವಾಂತಿಯೂ ಆಗಬಹುದು. ಸಕ್ಕರೆ ಕಾಯಿಲೆ ಇರುವವರಿಗೆ ನೋವೇ ತಿಳಿಯದೆ ಬರೀ ಸುಸ್ತು, ಏದುಸಿರು ಬರಬಹುದು. ಹೆಂಗಸರಲ್ಲೂ ಹೀಗೆ ಎದೆನೋವಿಗಿಂತ ಬೇರೆ ಲಕ್ಷಣಗಳು ಮುಂದೆ ಬರುವುದು ಹೆಚ್ಚು. ಅವರ ಮಾತನ್ನು ಗ್ಯಾಸ್ ಎಂದು ತಳ್ಳಿಹಾಕುವುದೂ ಹೆಚ್ಚು.

ತೇಗು ಬಂದು ಹಗುರವಾಯಿತು, ಸೋಡಾ ಕುಡಿದ ಮೇಲೆ ಕಡಿಮೆಯಾಯಿತು, ಓಂಕಾಳು ತಿಂದ ಮೇಲೆ ಸರಿಹೋಯಿತು, ಆದ್ದರಿಂದ ಅದು ಗ್ಯಾಸೇ ಎಂಬ ಲೆಕ್ಕವೂ ತಪ್ಪು. ಹೃದಯದ ನೋವು ತಾನಾಗಿಯೇ ಸ್ವಲ್ಪ ಹೊತ್ತು ಇಳಿದು ಮತ್ತೆ ಬರಬಹುದು.

2025ರಲ್ಲಿ ಹಾಸನದಲ್ಲಿ ಏನಾಯಿತು?

ಆ ವರ್ಷದ ಮೇ, ಜೂನ್ ತಿಂಗಳಲ್ಲಿ ನಮ್ಮ ಜಿಲ್ಲೆಯ ಹೆಸರು ದೇಶದ ಎಲ್ಲ ಫೋನ್‌ಗಳಲ್ಲೂ ಓಡಾಡಿತು. ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಜನ, ಅವರಲ್ಲಿ ಹಲವರು ಯುವಕರು, ಹೃದಯಾಘಾತದಿಂದ ಸತ್ತರು ಎಂಬ ಸುದ್ದಿ. ಜೊತೆಗೆ ಕೋವಿಡ್ ಲಸಿಕೆಯೇ ಕಾರಣ ಎಂಬ ಫಾರ್ವರ್ಡ್‌ಗಳು. ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸರ್ಕಾರ ಸಮಿತಿ ಮಾಡಿತು. ಜುಲೈನಲ್ಲಿ ಬಂದ ವರದಿ 24 ಸಾವುಗಳನ್ನು ಪರಿಶೀಲಿಸಿತ್ತು. ಅವುಗಳಲ್ಲಿ 4 ಹೃದಯಕ್ಕೆ ಸಂಬಂಧಿಸಿದವೇ ಅಲ್ಲ. ಉಳಿದ 20ರಲ್ಲಿ ಕೆಲವು ಖಚಿತವಾಗಿ, ಕೆಲವು ಬಹುಶಃ ಹೃದಯದ ಕಾರಣದವು. ಹಾಸನದಲ್ಲಿ ಅಸಹಜ ಏರಿಕೆ ಆಗಿಲ್ಲ ಎಂದಿತು ಸಮಿತಿ. ಲಸಿಕೆಗೂ ಹಠಾತ್ ಸಾವಿಗೂ ನಂಟು ಐಸಿಎಂಆರ್ ಅಧ್ಯಯನದಲ್ಲೂ ಕಂಡುಬಂದಿಲ್ಲ. ಎದ್ದು ಕಂಡದ್ದು ಬೀಡಿ ಸಿಗರೇಟು, ಮದ್ಯ, ಸಕ್ಕರೆ ಕಾಯಿಲೆ, ರಕ್ತದೊತ್ತಡದಂಥ ಹಳೆಯ ಕಾರಣಗಳೇ.

ಆ ದಿನಗಳಲ್ಲಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದಲೇ ಸಾಲು. ಏನೂ ತೊಂದರೆ ಇಲ್ಲದವರೂ ಭಯದಿಂದ ಹೋಗಿದ್ದರು. ಎಲ್ಲ ಎದೆನೋವೂ ಹೃದಯಾಘಾತವಲ್ಲ, ಹೆಚ್ಚಿನವು ಅಲ್ಲವೇ ಅಲ್ಲ. ಆದರೆ ಆ ವಿಂಗಡಣೆ ಮನೆಯ ಜಗುಲಿಯಲ್ಲಿ ಕೂತು ಮಾಡುವಂಥದ್ದಲ್ಲ.

ಯಾವಾಗ ಗ್ಯಾಸ್ ಎಂದು ಕಾಯಬಾರದು?

ಎದೆಯ ನಡುವೆ ಭಾರ ಇಟ್ಟಂತೆ, ಹಿಂಡಿದಂತೆ ಆಗಿ ಹತ್ತು ಹದಿನೈದು ನಿಮಿಷವಾದರೂ ಹೋಗದಿದ್ದರೆ. ನೋವು ಎಡಗೈಗೆ, ಭುಜಕ್ಕೆ, ದವಡೆಗೆ, ಬೆನ್ನಿಗೆ ಹರಿದರೆ. ತಣ್ಣನೆ ಬೆವರು, ಏದುಸಿರು, ತಲೆಸುತ್ತು ಜೊತೆಗಿದ್ದರೆ. ನಡೆದಾಗ, ಮೆಟ್ಟಿಲು ಹತ್ತಿದಾಗ, ಹೊಲದ ಕೆಲಸದಲ್ಲಿ ಬಂದು ಕೂತರೆ ಕಡಿಮೆಯಾಗುವ ನೋವೂ ಎಚ್ಚರಿಕೆಯೇ, ಅದು ಹಲವು ದಿನಗಳಿಂದ ಇದ್ದರೂ ಸರಿ. ತಾನೇ ಬೈಕ್ ಓಡಿಸಿಕೊಂಡು ಹೋಗಬಾರದು, 108 ಕರೆಯಬೇಕು. “ಜೋರಾಗಿ ಕೆಮ್ಮುತ್ತಾ ಇದ್ದರೆ ಹೃದಯ ನಿಲ್ಲುವುದಿಲ್ಲ” ಎಂಬ ಫಾರ್ವರ್ಡ್ ನಂಬಿ ಕೆಮ್ಮುತ್ತಾ ಕೂರುವುದು ಸಮಯ ಹಾಳು. ವ್ಯಕ್ತಿ ಪ್ರಜ್ಞೆ ತಪ್ಪಿ ಉಸಿರು ನಿಂತರೆ ಪಕ್ಕದವರು ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ ಗಟ್ಟಿಯಾಗಿ ಒತ್ತುತ್ತಾ ಇರಬೇಕು, ಆಂಬ್ಯುಲೆನ್ಸ್ ಬರುವವರೆಗೂ.

ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆ ದುದ್ದದವರಿಗೆ ಹತ್ತಿರ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಹಳ್ಳಿಗಳವರು ಮೊದಲು ತಮ್ಮ ತಾಲ್ಲೂಕು ಆಸ್ಪತ್ರೆಗೇ ಹೋಗುವುದು ವಾಸಿ, ದೂರದ ದೊಡ್ಡ ಆಸ್ಪತ್ರೆ ಹುಡುಕಿಕೊಂಡು ಹೊರಡುವುದಕ್ಕಿಂತ. ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು, 46ನೇ ವಯಸ್ಸಿನಲ್ಲಿ ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ಬಂದ ‘ಹೃದಯ ಜ್ಯೋತಿ’ ಯೋಜನೆ ಇರುವುದೇ ಇದಕ್ಕೆ. ಯೋಜನೆಯಿರುವ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ಆನ್‌ಲೈನ್‌ನಲ್ಲಿ ದೊಡ್ಡ ಆಸ್ಪತ್ರೆಯ ತಜ್ಞರಿಗೆ ತೋರಿಸುತ್ತಾರೆ. ಹೃದಯಾಘಾತ ಎಂದು ಖಚಿತವಾದರೆ, ಕೊಡಬಹುದಾದವರಿಗೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಟ್ಟು ಮುಂದೆ ಕಳಿಸುತ್ತಾರೆ. ಹೊರಗೆ ಅದಕ್ಕೆ ಹತ್ತಾರು ಸಾವಿರ ರೂಪಾಯಿ. ನೋವು ಶುರುವಾದ ಮೊದಲ ಗಂಟೆಗಳಲ್ಲಿ ಅದರ ಪ್ರಯೋಜನ ಅತಿ ಹೆಚ್ಚು, ತಡವಾದಷ್ಟೂ ಕಡಿಮೆ.

ಮೊದಲ ಇಸಿಜಿ ನಾರ್ಮಲ್ ಬಂದರೆ “ನೋಡು, ಗ್ಯಾಸೇ” ಎಂದು ಎದ್ದು ಬರಬೇಡಿ. ಶುರುವಿನಲ್ಲಿ ಇಸಿಜಿಯಲ್ಲಿ ಏನೂ ಕಾಣದೇ ಇರಬಹುದು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ತೆಗೆಯುತ್ತಾರೆ, ಟ್ರೋಪೋನಿನ್ ಎಂಬ ರಕ್ತಪರೀಕ್ಷೆ ಮಾಡುತ್ತಾರೆ. ಡಾಕ್ಟರಿಗೆ ವಿವರಿಸುವಾಗ “ಗ್ಯಾಸ್ಟ್ರಿಕ್ ಸಾರ್” ಎಂದು ಶುರು ಮಾಡದೆ, ಎಲ್ಲಿ ನೋಯುತ್ತಿದೆ, ಎಷ್ಟು ಹೊತ್ತಿಗೆ ಶುರುವಾಯಿತು, ಆಗ ಏನು ಮಾಡುತ್ತಿದ್ದಿರಿ, ಬೆವರು ಬಂತೇ ಎಂಬುದನ್ನು ಹೇಳಿ.