ಕರಾರು ಕಳಚಿದರೂ ಉಳಿಯುವ ಬಾಕಿ: ಅಮೆರಿಕದ ಮೊಬೈಲ್ ಸೇವೆಯಲ್ಲಿ ಸಬ್ಸಿಡಿ ಕರಾರು ಮತ್ತು ಕರಾರುರಹಿತ ಯೋಜನೆಗಳ ತೌಲನಿಕ ಅಧ್ಯಯನ

ಸಾರಾಂಶ

ಅಮೆರಿಕದ ಮೊಬೈಲ್ ಮಾರುಕಟ್ಟೆಯಲ್ಲಿ 2008ರಿಂದ 2016ರವರೆಗೆ ಎರಡು ಮಾರಾಟ ಪದ್ಧತಿಗಳು ಪೈಪೋಟಿ ನಡೆಸಿದವು. ಒಂದರಲ್ಲಿ ಸೇವಾ ಕಂಪನಿಯು ಹ್ಯಾಂಡ್‌ಸೆಟ್ ಬೆಲೆಯ ದೊಡ್ಡ ಪಾಲನ್ನು ತಾನೇ ಹೊತ್ತು, ಗ್ರಾಹಕರನ್ನು ಎರಡು ವರ್ಷದ ಕರಾರಿಗೆ ಒಳಪಡಿಸುತ್ತಿತ್ತು. ಇನ್ನೊಂದರಲ್ಲಿ ಗ್ರಾಹಕರು ಹ್ಯಾಂಡ್‌ಸೆಟ್‌ನ ಪೂರ್ತಿ ಬೆಲೆಯನ್ನು ತಾವೇ ತೆತ್ತು, ತಿಂಗಳ ಸೇವೆಯನ್ನು ಕಡಿಮೆ ದರಕ್ಕೆ ಪಡೆಯುತ್ತಿದ್ದರು. ಆ ಕಾಲದ ಪ್ರಕಟಿತ ದರಗಳನ್ನು ಮರುಲೆಕ್ಕ ಹಾಕಿ, ಇವೆರಡರಲ್ಲಿ ಯಾವುದು ಯಾರಿಗೆ ಅಗ್ಗವಾಗಿತ್ತು ಎಂಬುದನ್ನು ಈ ಲೇಖನ ಪರಿಶೀಲಿಸುತ್ತದೆ. ಕರಾರು ಇದೆಯೇ ಇಲ್ಲವೇ ಎಂಬುದಕ್ಕಿಂತ, ಹ್ಯಾಂಡ್‌ಸೆಟ್‌ನ ಬೆಲೆ ಮತ್ತು ಸೇವೆಯ ಬೆಲೆ ಬಿಲ್ಲಿನಲ್ಲಿ ಬೇರೆಬೇರೆಯಾಗಿ ಕಾಣುತ್ತವೆಯೇ ಎಂಬುದೇ ಗ್ರಾಹಕರ ಲಾಭನಷ್ಟವನ್ನು ನಿರ್ಧರಿಸಿತು ಎಂಬುದು ಲೇಖನದ ವಾದ.

ಪ್ರಮುಖ ಪದಗಳು: ಹ್ಯಾಂಡ್‌ಸೆಟ್ ಸಬ್ಸಿಡಿ, ಪ್ರೀಪೇಯ್ಡ್, ಅವಧಿಪೂರ್ವ ನಿರ್ಗಮನ ಶುಲ್ಕ, ಕಂತು ಖರೀದಿ, ಸಿಮ್ ಲಾಕ್

1. ಪೀಠಿಕೆ

2007ರ ಜೂನ್ 29ರಂದು ಐಫೋನ್ ಅಮೆರಿಕದಲ್ಲಿ ಮಾರಾಟಕ್ಕೆ ಬಂದಾಗ ಅದರ 8 ಜಿಬಿ ಮಾದರಿಯ ಬೆಲೆ 599 ಡಾಲರ್. ಎಟಿ ಅಂಡ್ ಟಿ ಕಂಪನಿಯ ಎರಡು ವರ್ಷದ ಕರಾರಿಗೆ ಸಹಿ ಹಾಕಿದರೂ ಈ ಬೆಲೆಯಲ್ಲಿ ರಿಯಾಯಿತಿ ಇರಲಿಲ್ಲ. ಅದೇ ಸೆಪ್ಟೆಂಬರ್‌ನಲ್ಲಿ ಬೆಲೆ 399 ಡಾಲರಿಗೆ ಇಳಿಯಿತು. ಮರುವರ್ಷ ಜುಲೈನಲ್ಲಿ ಐಫೋನ್ 3ಜಿ ಬಂದಾಗ 8 ಜಿಬಿ ಮಾದರಿ 199 ಡಾಲರಿಗೇ ಸಿಕ್ಕಿತು. ಅಂಗಡಿಯ ಮುಂದಿನ ಫಲಕದಲ್ಲಿ ಕಂಡದ್ದು ಇಷ್ಟು. ಬಿಲ್ಲಿನಲ್ಲಿ ಆದ ಬದಲಾವಣೆ ಬೇರೆಯೇ: ತಿಂಗಳಿಗೆ 20 ಡಾಲರ್ ಇದ್ದ ಡೇಟಾ ಶುಲ್ಕ 30 ಡಾಲರ್ ಆಯಿತು. ತಿಂಗಳಿಗೆ 10 ಡಾಲರಿನಂತೆ ಎರಡು ವರ್ಷಕ್ಕೆ 240 ಡಾಲರ್. ಫೋನಿನ ಬೆಲೆಯಲ್ಲಿ 200 ಡಾಲರ್ ಇಳಿಸಿ, ಸೇವೆಯ ಬೆಲೆಯಲ್ಲಿ 240 ಡಾಲರ್ ಏರಿಸಿದಂತಾಯಿತು.

ಮುಂದಿನ ಏಳೆಂಟು ವರ್ಷ ಅಮೆರಿಕದ ಮೊಬೈಲ್ ವ್ಯಾಪಾರವನ್ನು ಆಳಿದ ಲೆಕ್ಕಾಚಾರದ ಮಾದರಿ ಇದೇ. ಈ ಪದ್ಧತಿ ಗ್ರಾಹಕರಿಗೆ ಸದಾ ನಷ್ಟವೆಂದೂ ಕರಾರುರಹಿತ ಯೋಜನೆ ಸದಾ ಲಾಭವೆಂದೂ ಹೇಳುವುದು ರೂಢಿ. ಲೆಕ್ಕ ಬಿಡಿಸಿ ನೋಡಿದರೆ ಈ ತೀರ್ಮಾನ ಅಷ್ಟು ಸಲೀಸಾಗಿ ನಿಲ್ಲುವುದಿಲ್ಲ.

2. ವ್ಯಾಪ್ತಿ ಮತ್ತು ವಿಧಾನ

ಕಂಪನಿಗಳು ಸಾರ್ವಜನಿಕವಾಗಿ ಪ್ರಕಟಿಸಿದ ದರಗಳನ್ನಷ್ಟೇ ಇಲ್ಲಿ ಬಳಸಲಾಗಿದೆ. ಹೋಲಿಕೆಯ ಅವಧಿ 24 ತಿಂಗಳು. ರಾಜ್ಯದಿಂದ ರಾಜ್ಯಕ್ಕೆ ಬದಲಾಗುವ ತೆರಿಗೆ ಮತ್ತು ಸರ್‌ಚಾರ್ಜ್‌ಗಳನ್ನು ಬಿಡಲಾಗಿದೆ. ಜಾಲದ ವ್ಯಾಪ್ತಿ ಹಾಗೂ ಗುಣಮಟ್ಟಕ್ಕೆ ಬೆಲೆ ಕಟ್ಟಿಲ್ಲ. ಆದರೆ ಅವು ತೀರ್ಮಾನವನ್ನು ಬದಲಿಸುವಲ್ಲಿ ಅದನ್ನು ಸೂಚಿಸಲಾಗಿದೆ.

3. ಸಬ್ಸಿಡಿ ಕರಾರಿನ ಒಳಲೆಕ್ಕ

ಆ ಕಾಲದಲ್ಲಿ 16 ಜಿಬಿಯ ಹೊಸ ಐಫೋನ್‌ನ ಪೂರ್ತಿ ಬೆಲೆ ಸಾಮಾನ್ಯವಾಗಿ 649 ಡಾಲರ್, ಕರಾರಿನ ಬೆಲೆ 199 ಡಾಲರ್. ನಡುವಿನ 450 ಡಾಲರನ್ನು ಸೇವಾ ಕಂಪನಿ ತಯಾರಕರಿಗೆ ಮೊದಲೇ ಕೊಟ್ಟು, ತಿಂಗಳ ಶುಲ್ಕದ ಮೂಲಕ ವಸೂಲು ಮಾಡಿಕೊಳ್ಳುತ್ತಿತ್ತು. ವ್ಯವಹಾರದ ದೃಷ್ಟಿಯಿಂದ ಇದು ಸಾಲ; ಆದರೆ ಅಸಲೆಷ್ಟು, ಬಡ್ಡಿಯೆಷ್ಟು ಎಂದು ಹೇಳುವ ಪತ್ರವಿಲ್ಲದ ಸಾಲ.

ಸಾಲಕ್ಕೆ ಭದ್ರತೆ ಬೇಕಲ್ಲ. ಅದನ್ನು ಒದಗಿಸಿದ್ದು ಅವಧಿಪೂರ್ವ ನಿರ್ಗಮನ ಶುಲ್ಕ. ವೆರಿಝೋನ್ ಕಂಪನಿ 2009ರ ನವೆಂಬರ್‌ನಲ್ಲಿ ಸ್ಮಾರ್ಟ್‌ಫೋನ್‌ಗಳಿಗೆ ಈ ಶುಲ್ಕವನ್ನು 175ರಿಂದ 350 ಡಾಲರಿಗೆ ಏರಿಸಿತು. ಪೂರೈಸಿದ ಪ್ರತಿ ತಿಂಗಳಿಗೆ 10 ಡಾಲರ್ ಇಳಿಕೆ. ಇದರ ಬಗ್ಗೆ ಅಮೆರಿಕದ ಸಂಯುಕ್ತ ಸಂವಹನ ಆಯೋಗ (ಎಫ್‌ಸಿಸಿ) ವಿವರಣೆಯನ್ನೂ ಕೇಳಿತು. ಶುಲ್ಕದ ರಚನೆಯನ್ನು ಗಮನಿಸಬೇಕು. 23 ತಿಂಗಳು ತಪ್ಪದೆ ಬಿಲ್ ಕಟ್ಟಿದವರೂ ಆಗ ಹೊರಹೋದರೆ 120 ಡಾಲರ್ ತೆರಬೇಕಿತ್ತು. ಸಬ್ಸಿಡಿಯನ್ನು ವಸೂಲು ಮಾಡುವುದಷ್ಟೇ ಉದ್ದೇಶವಾಗಿದ್ದರೆ ಆ ಹೊತ್ತಿಗೆ ಬಾಕಿ ಬಹುಪಾಲು ತೀರಿರಬೇಕಿತ್ತು. ಶುಲ್ಕವು ಬಾಕಿಯ ಜೊತೆಗೆ ತಡೆಗೋಡೆಯ ಕೆಲಸವನ್ನೂ ಮಾಡುತ್ತಿತ್ತು ಎನ್ನಲು ಇದು ಸಾಕ್ಷಿ.

ಕಂಪನಿಯ ನಿಜವಾದ ಲಾಭವಿದ್ದದ್ದು 25ನೆಯ ತಿಂಗಳಲ್ಲಿ. ಕರಾರು ಮುಗಿದ ಮೇಲೆ ಹಳೆಯ ಫೋನನ್ನೇ ಬಳಸುವವರಿಗೆ ತಿಂಗಳ ದರ ತಾನಾಗಿ ಇಳಿಯುತ್ತಿರಲಿಲ್ಲ. ಸಾಲ ತೀರಿದರೂ ಕಂತು ನಿಲ್ಲಲಿಲ್ಲ. ಫೋನನ್ನು ಜೋಪಾನವಾಗಿ ಮೂರು ನಾಲ್ಕು ವರ್ಷ ಬಳಸುವವರು, ಎರಡು ವರ್ಷಕ್ಕೊಮ್ಮೆ ಹೊಸತು ಕೊಳ್ಳುವವರ ಖರ್ಚಿನಲ್ಲಿ ಪಾಲು ಹೊತ್ತರು.

ಗ್ರಾಹಕರನ್ನು ಕಂಪನಿ ಬದಲಿಸದಂತೆ ತಡೆಯುವ ವೆಚ್ಚಗಳು ಸ್ಪರ್ಧೆಯನ್ನು ಹೇಗೆ ಮಂಕಾಗಿಸುತ್ತವೆ ಎಂಬುದನ್ನು ಪಾಲ್ ಕ್ಲೆಂಪರರ್ 1987ರಲ್ಲೇ ವಿಶ್ಲೇಷಿಸಿದ್ದರು. ಕಣ್ಣಿಗೆ ಬೀಳುವ ಬೆಲೆ ಇಳಿಸಿ ಮರೆಯಲ್ಲಿರುವ ಬೆಲೆಯಿಂದ ಗಳಿಸುವ ತಂತ್ರವು ಪೈಪೋಟಿಯ ಮಾರುಕಟ್ಟೆಯಲ್ಲೂ ಉಳಿಯಬಲ್ಲದೆಂದು ಝೇವಿಯರ್ ಗಬೇ ಮತ್ತು ಡೇವಿಡ್ ಲೇಬ್ಸನ್ 2006ರಲ್ಲಿ ತೋರಿಸಿದರು. 25ನೆಯ ತಿಂಗಳ ಬಿಲ್ಲಿನಲ್ಲಿ ಈ ಎರಡೂ ಸಿದ್ಧಾಂತಗಳು ಕೂಡುತ್ತವೆ.

4. ಒಂದೇ ಫೋನು, ಎರಡು ದಾರಿ

2012ರ ಜೂನ್‌ನಲ್ಲಿ ಕ್ರಿಕೆಟ್ ವೈರ್‌ಲೆಸ್ ಎಂಬ ಕಂಪನಿ ಅಮೆರಿಕದ ಪ್ರೀಪೇಯ್ಡ್ ಕಂಪನಿಗಳಲ್ಲಿ ಮೊದಲನೆಯದಾಗಿ ಕರಾರಿಲ್ಲದೆ ಐಫೋನ್ ಮಾರಿತು. 16 ಜಿಬಿಯ ಐಫೋನ್ 4ಎಸ್‌ಗೆ 499.99 ಡಾಲರ್, ಕರೆ, ಸಂದೇಶ, ಡೇಟಾ ಸೇರಿ ತಿಂಗಳಿಗೆ 55 ಡಾಲರ್. ಎರಡು ವರ್ಷದ ಮೊತ್ತ ಸುಮಾರು 1,820 ಡಾಲರ್.

ಅದೇ ಫೋನು ಎಟಿ ಅಂಡ್ ಟಿ ಕರಾರಿನಲ್ಲಿ 199.99 ಡಾಲರಿಗೆ ಸಿಗುತ್ತಿತ್ತು. ಜೊತೆಗೆ ಸಂಪರ್ಕ ಶುಲ್ಕ 36 ಡಾಲರ್. 450 ನಿಮಿಷದ ಕರೆಗೆ ತಿಂಗಳಿಗೆ 39.99, ಮೂರು ಜಿಬಿ ಡೇಟಾಕ್ಕೆ 30, ಮಿತಿಯಿಲ್ಲದ ಸಂದೇಶಕ್ಕೆ 20 ಡಾಲರ್. ಎರಡು ವರ್ಷದ ಮೊತ್ತ ಸುಮಾರು 2,396 ಡಾಲರ್. ಅಂತರ 576 ಡಾಲರ್. ಮೊದಲ ದಿನ 300 ಡಾಲರ್ ಉಳಿಸಿದವರು ಕೊನೆಗೆ ಅದರ ಸುಮಾರು ಎರಡರಷ್ಟು ಹೆಚ್ಚು ತೆತ್ತರು.

ಈ ಅಂಕಿಯನ್ನು ಹೀಗೆಯೇ ಒಪ್ಪುವಂತಿಲ್ಲ. ಸಂದೇಶದ ಪ್ಯಾಕ್ ಬೇಡವೆಂದವರಿಗೆ ಕರಾರಿನ ಮೊತ್ತ ಸುಮಾರು 1,916 ಡಾಲರಿಗೆ ಇಳಿದು, ಅಂತರ 96 ಡಾಲರಷ್ಟೇ ಉಳಿಯುತ್ತದೆ. ಕ್ರಿಕೆಟ್‌ನ ಸ್ವಂತ ಜಾಲ ಆಗ ಚಿಕ್ಕದಾಗಿತ್ತು. ತಿಂಗಳ ಡೇಟಾ ಬಳಕೆ 2.3 ಜಿಬಿ ದಾಟಿದರೆ ವೇಗ ಕುಗ್ಗುತ್ತಿತ್ತು. ಊರಿಂದೂರಿಗೆ ಓಡಾಡುವವರಿಗೆ ಆ 96 ಡಾಲರ್ ದೊಡ್ಡ ಜಾಲಕ್ಕೆ ಕೊಟ್ಟ ನ್ಯಾಯವಾದ ಬೆಲೆಯೇ ಆಗಿರಬಹುದು. ಎರಡು ಬೇರೆ ಕಂಪನಿಗಳನ್ನು ಹೋಲಿಸಿದಾಗ ಸಬ್ಸಿಡಿಯ ಬೆಲೆಯೂ ಜಾಲದ ಬೆಲೆಯೂ ಕಲಸಿಹೋಗುತ್ತವೆ. ಇವನ್ನು ಬೇರ್ಪಡಿಸಲು ಒಂದೇ ಕಂಪನಿಯ ಎರಡು ದರಗಳು ಬೇಕು.

5. ಒಂದೇ ಕಂಪನಿ, ಎರಡು ದರ

ಅಂಥ ಅವಕಾಶ 2013ರ ಡಿಸೆಂಬರ್‌ನಲ್ಲಿ ಒದಗಿತು. ಎಟಿ ಅಂಡ್ ಟಿ ತನ್ನ ಹೊಸ ಹಂಚಿಕೆ ಯೋಜನೆಯಲ್ಲಿ, ಸಬ್ಸಿಡಿ ಪಡೆದ ಪ್ರತಿ ಸ್ಮಾರ್ಟ್‌ಫೋನಿಗೆ ತಿಂಗಳಿಗೆ 40 ಡಾಲರ್, ಪಡೆಯದ ಫೋನಿಗೆ 25 ಡಾಲರ್ ಎಂದು ದರ ನಿಗದಿಪಡಿಸಿತು. ಜಾಲ ಅದೇ, ಡೇಟಾ ಅದೇ. ಹೀಗಾಗಿ ನಡುವಿನ 15 ಡಾಲರೇ ಸಬ್ಸಿಡಿಯ ತಿಂಗಳ ಬೆಲೆ.

ಹದಿನೈದರಂತೆ 24 ತಿಂಗಳಿಗೆ 360 ಡಾಲರ್. ಸಬ್ಸಿಡಿ 450 ಡಾಲರ್. ಅಂದರೆ ಎರಡು ವರ್ಷಕ್ಕೊಮ್ಮೆ ಹೊಸ ಐಫೋನ್ ಕೊಳ್ಳುವವರಿಗೆ ಕರಾರೇ 90 ಡಾಲರ್ ಅಗ್ಗ. ಕರಾರುರಹಿತ ಯೋಜನೆ ಯಾವಾಗಲೂ ಮಿಗಿಲೆಂಬ ನಂಬಿಕೆಗೆ ಇದು ನೇರ ವಿರುದ್ಧ. ಆದರೆ ಕರಾರು ಮುಗಿದ ಮೇಲೂ ದರ ಇಳಿಯದ ಹಳೆಯ ಪದ್ಧತಿಯನ್ನು ಇದಕ್ಕೆ ಅನ್ವಯಿಸಿದರೆ 30ನೆಯ ತಿಂಗಳಿಗೆ ಲೆಕ್ಕ ಸರಿಸಮವಾಗುತ್ತದೆ. ಆಮೇಲೆ ಪ್ರತಿ ತಿಂಗಳೂ ಗ್ರಾಹಕರಿಗೆ ನಷ್ಟ.

ಎರಡೇ ತಿಂಗಳಲ್ಲಿ, 2014ರ ಫೆಬ್ರವರಿಯಲ್ಲಿ, 10 ಜಿಬಿ ಮತ್ತು ಅದಕ್ಕೂ ಹೆಚ್ಚಿನ ಯೋಜನೆಗಳಲ್ಲಿ ಸಬ್ಸಿಡಿ ಪಡೆಯದ ಫೋನಿನ ದರವನ್ನು ಅದೇ ಕಂಪನಿ 15 ಡಾಲರಿಗೆ ಇಳಿಸಿತು. ಅಂತರ 25 ಡಾಲರ್ ಆಯಿತು. ಎರಡು ವರ್ಷಕ್ಕೆ 600 ಡಾಲರ್! 450 ಡಾಲರಿನ ಸಾಲಕ್ಕೆ 25 ಡಾಲರಿನ 24 ಕಂತು ಎಂದರೆ ತಿಂಗಳಿಗೆ ಸುಮಾರು ಶೇ 2.4, ವರ್ಷಕ್ಕೆ ಸುಮಾರು ಶೇ 29 ಬಡ್ಡಿ. ಕರಾರಿನ ಗ್ರಾಹಕರ ದರ ಒಂದು ಸೆಂಟೂ ಏರಲಿಲ್ಲ. ಆದರೂ ಅವರ ವ್ಯವಹಾರ 90 ಡಾಲರ್ ಲಾಭದಿಂದ 150 ಡಾಲರ್ ನಷ್ಟಕ್ಕೆ ತಿರುಗಿತು. ಪಕ್ಕದ ದರದೊಂದಿಗೆ ಹೋಲಿಸಿ ನೋಡದ ಹೊರತು ಇದು ತಿಳಿಯುವಂತಿರಲಿಲ್ಲ.

6. 'ಕರಾರು ಇಲ್ಲ' ಎಂಬ ಭರವಸೆ

ಈ ಬದಲಾವಣೆಗೆ ಒತ್ತಡ ಹೇರಿದ್ದು ನಾಲ್ಕನೆಯ ಸ್ಥಾನದಲ್ಲಿದ್ದ ಟಿ-ಮೊಬೈಲ್. ಜಾನ್ ಲೆಜಿಯರ್ ಅವರ ನೇತೃತ್ವದಲ್ಲಿ ಅದು 2013ರ ಮಾರ್ಚ್ 26ರಂದು ವಾರ್ಷಿಕ ಕರಾರುಗಳನ್ನು ಕೈಬಿಡುವುದಾಗಿ ಸಾರಿತು. ಸೇವೆಗೆ ತಿಂಗಳಿಗೆ 50 ಡಾಲರಿನಿಂದ ಆರಂಭ. ಐಫೋನ್ 5ಕ್ಕೆ 99.99 ಡಾಲರ್ ಮುಂಗಡ, ಬಳಿಕ 20 ಡಾಲರಿನ 24 ಕಂತು. ಕಂತು ತೀರಿದ ಮೇಲೆ ಬಿಲ್ಲು ತಾನಾಗಿ ಇಳಿಯುತ್ತದೆ. ಹಳೆಯ ಪದ್ಧತಿಯ 25ನೆಯ ತಿಂಗಳ ಸಮಸ್ಯೆಗೆ ಇದು ನೇರ ಪರಿಹಾರ.

ಹೊರಹೋಗುವ ಬೆಲೆ ಮಾತ್ರ ಮಾಯವಾಗಲಿಲ್ಲ. ಸೇವೆ ಬಿಟ್ಟರೆ ಉಳಿದ ಕಂತುಗಳೆಲ್ಲ ಒಮ್ಮೆಗೇ ಬಾಕಿ ಬೀಳುತ್ತಿದ್ದವು. ವೆರಿಝೋನ್‌ನ ಶುಲ್ಕದೊಂದಿಗೆ ಹೋಲಿಸೋಣ. ಆರು ತಿಂಗಳಿಗೆ ಬಿಟ್ಟರೆ ಟಿ-ಮೊಬೈಲ್‌ಗೆ ಕೊಡಬೇಕಾದದ್ದು 360 ಡಾಲರ್, ವೆರಿಝೋನ್‌ಗೆ 290. ಹದಿಮೂರನೆಯ ತಿಂಗಳಲ್ಲಿ ಎರಡೂ 220 ಡಾಲರ್. ಇಪ್ಪತ್ತನೆಯ ತಿಂಗಳಲ್ಲಿ ಟಿ-ಮೊಬೈಲ್‌ಗೆ 80, ವೆರಿಝೋನ್‌ಗೆ 150. ಮೊದಲ ವರ್ಷ ಪೂರ್ತಿ, ಕರಾರಿಲ್ಲವೆಂದು ಸಾರಿದ ಕಂಪನಿಯನ್ನು ಬಿಡುವುದೇ ಹೆಚ್ಚು ದುಬಾರಿಯಾಗಿತ್ತು.

ಇದನ್ನು ಪ್ರಶ್ನಿಸಿದ್ದು ವಾಷಿಂಗ್ಟನ್ ರಾಜ್ಯದ ಅಂದಿನ ಅಟಾರ್ನಿ ಜನರಲ್ ಬಾಬ್ ಫರ್ಗುಸನ್. ಬಾಕಿಯ ಷರತ್ತನ್ನು ಜಾಹೀರಾತಿನಲ್ಲಿ ಸಾಕಷ್ಟು ಸ್ಪಷ್ಟವಾಗಿ ಹೇಳಿಲ್ಲ ಎಂಬ ಅವರ ಆಕ್ಷೇಪದ ಮೇರೆಗೆ, ಯೋಜನೆ ಆರಂಭವಾದ ಒಂದೇ ತಿಂಗಳಲ್ಲಿ ಟಿ-ಮೊಬೈಲ್ ಜಾಹೀರಾತು ತಿದ್ದಲು ಒಪ್ಪಿತು. ಈ ನಡುವೆ ಸೇರಿದ ಗ್ರಾಹಕರಿಗೆ ಹಿಂದೆ ಸರಿಯುವ ಅವಕಾಶವನ್ನೂ ಕೊಟ್ಟಿತು.

ಹಾಗೆಂದು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಕಂತಿನ ಬಾಕಿ ಗ್ರಾಹಕರ ಕೈಯಲ್ಲಿರುವ ವಸ್ತುವಿನ ಬೆಲೆ. ಪ್ರತಿ ತಿಂಗಳೂ ಕರಗಿ ಸೊನ್ನೆಗೆ ಇಳಿಯುತ್ತದೆ. ನಿರ್ಗಮನ ಶುಲ್ಕ ಸೊನ್ನೆಗೆ ಇಳಿಯುತ್ತಿರಲಿಲ್ಲ. ಯಾವ ವಸ್ತುವಿಗೂ ಲಗತ್ತಾಗಿರಲಿಲ್ಲ. ಟಿ-ಮೊಬೈಲ್ ಸೇವೆಯ ಕರಾರನ್ನು ಕೈಬಿಟ್ಟು ಸಾಲವನ್ನು ಬಯಲಿಗೆ ತಂದಿತು. ಇದರ ಮಹತ್ವ ಇಷ್ಟೇ, ಆದರೆ ಸಣ್ಣದಲ್ಲ. ವೆರಿಝೋನ್ 2015ರ ಆಗಸ್ಟ್‌ನಲ್ಲಿ ಹೊಸ ಗ್ರಾಹಕರಿಗೆ, ಎಟಿ ಅಂಡ್ ಟಿ 2016ರ ಜನವರಿಯಲ್ಲಿ, ಸಬ್ಸಿಡಿ ಕರಾರನ್ನು ನಿಲ್ಲಿಸಿದವು.

7. ಬೀಗದ ಇತರ ರೂಪಗಳು

ಹಣದ ಬೀಗದ ಜೊತೆಗೆ ತಂತ್ರಾಂಶದ ಬೀಗವೂ ಇತ್ತು. ಕಂಪನಿಯ ಅನುಮತಿಯಿಲ್ಲದೆ ಹೊಸ ಫೋನಿನ ಸಿಮ್ ಲಾಕ್ ತೆಗೆಯಲು ಇದ್ದ ಕಾನೂನು ವಿನಾಯಿತಿ 2013ರ ಜನವರಿಯಲ್ಲಿ ಕೊನೆಗೊಂಡಿತು. ಅದನ್ನು ವಿರೋಧಿಸಿ ಶ್ವೇತಭವನಕ್ಕೆ ಸಲ್ಲಿಸಿದ ಮನವಿಗೆ ಒಂದು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. 2014ರ ಆಗಸ್ಟ್ 1ರಂದು ಅಧ್ಯಕ್ಷ ಒಬಾಮ ಸಹಿ ಮಾಡಿದ ಕಾಯ್ದೆ ಆ ವಿನಾಯಿತಿಯನ್ನು ಮರಳಿ ತಂದಿತು.

ಕರಾರು ಹೋದ ಮೇಲೆ ಬಂದ ಹೊಸ ರೂಪ ಬಿಲ್ ಜಮೆ. 'ಉಚಿತ ಫೋನ್' ಎಂಬ ಕೊಡುಗೆಯಲ್ಲಿ ಗ್ರಾಹಕರ ಹೆಸರಿಗೆ ಕಂತಿನ ಸಾಲ ಬರೆದು, ಪ್ರತಿ ತಿಂಗಳು ಅಷ್ಟೇ ಮೊತ್ತವನ್ನು ಬಿಲ್ಲಿನಲ್ಲಿ ಜಮೆ ಮಾಡುತ್ತಾರೆ. 2022ರ ಹೊತ್ತಿಗೆ ಎಟಿ ಅಂಡ್ ಟಿ, ವೆರಿಝೋನ್ ಎರಡರಲ್ಲೂ ಈ ಅವಧಿ 36 ತಿಂಗಳಾಗಿತ್ತು. ಉದಾಹರಣೆಗೆ 800 ಡಾಲರಿನ ಫೋನಾದರೆ ತಿಂಗಳಿಗೆ 22 ಡಾಲರ್ ಚಿಲ್ಲರೆ ಜಮೆ. ಒಂದು ವರ್ಷಕ್ಕೆ ಬಿಟ್ಟರೆ ಜಮೆ ನಿಂತು, ಸುಮಾರು 533 ಡಾಲರ್ ಬಾಕಿ ತಲೆಗೆ ಬರುತ್ತದೆ. ಹೆಸರಿನಲ್ಲಿ ಕರಾರಿಲ್ಲ, ಕಟ್ಟುಪಾಡು ಮಾತ್ರ ಹಳೆಯ ಎರಡು ವರ್ಷದಿಂದ ಮೂರಕ್ಕೆ ಬೆಳೆದಿದೆ.

ಜಪಾನ್ ಇದಕ್ಕೆ ಶಾಸನದ ದಾರಿ ಹಿಡಿಯಿತು. 2019ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ತಿದ್ದುಪಡಿ ಹ್ಯಾಂಡ್‌ಸೆಟ್ ಮತ್ತು ಸೇವೆಯ ದರಗಳನ್ನು ಬೇರ್ಪಡಿಸಿತು. ಸೇವೆಗೆ ಜೋಡಿಸಿದ ರಿಯಾಯಿತಿಗೆ 20,000 ಯೆನ್, ನಿರ್ಗಮನ ಶುಲ್ಕಕ್ಕೆ 1,000 ಯೆನ್ ಮಿತಿ ಹಾಕಿತು.

8. ಭಾರತದ ಅನುಭವ

ಅಮೆರಿಕದಲ್ಲಿ 199 ಡಾಲರಿಗೆ, ಅಂದಿನ ವಿನಿಮಯ ದರದಲ್ಲಿ ಒಂಬತ್ತು ಸಾವಿರ ರೂಪಾಯಿಯೊಳಗೆ, ಸಿಕ್ಕ ಐಫೋನ್ 3ಜಿ 2008ರ ಆಗಸ್ಟ್‌ನಲ್ಲಿ ಏರ್‌ಟೆಲ್ ಮತ್ತು ವೊಡಾಫೋನ್ ಮೂಲಕ ಭಾರತಕ್ಕೆ ಬಂದಾಗ 31,000 ರೂಪಾಯಿಯಾಗಿತ್ತು. ಇಲ್ಲಿನವರು ಪೂರ್ತಿ ಬೆಲೆ ನೋಡಿದರು, ಅಲ್ಲಿನವರು ಅದರ ಮೊದಲ ಕಂತನ್ನಷ್ಟೇ.

ಭಾರತದಲ್ಲೂ ಪ್ರಯತ್ನ ನಡೆಯದೆ ಇರಲಿಲ್ಲ. 2003ರಲ್ಲಿ ರಿಲಯನ್ಸ್ ಇನ್ಫೋಕಾಂ 501 ರೂಪಾಯಿ ಮುಂಗಡಕ್ಕೆ ಸಿಡಿಎಂಎ ಫೋನು ಮತ್ತು ಸಂಪರ್ಕ ಕೊಟ್ಟಿತು. ಬಿಲ್ ಬಾಕಿ ಉಳಿಸಿಕೊಂಡವರಿಂದ ವಸೂಲಿ ಕಷ್ಟವಾಯಿತು. 2017ರ ಜಿಯೋಫೋನ್ ಇದಕ್ಕೆ ತಿರುವು ಕೊಟ್ಟಿತು: ಕಂಪನಿ ಸಾಲ ಕೊಡುವ ಬದಲು ಗ್ರಾಹಕರಿಂದಲೇ 1,500 ರೂಪಾಯಿ ಠೇವಣಿ ಪಡೆದು, ಮೂರು ವರ್ಷದ ಬಳಿಕ ಹಿಂದಿರುಗಿಸುವ ಮಾತು ಕೊಟ್ಟಿತು. ವರ್ಷಕ್ಕೆ ಕನಿಷ್ಠ 1,500 ರೂಪಾಯಿಯ ರೀಚಾರ್ಜ್ ಮಾಡಿಸಬೇಕೆಂಬ ಷರತ್ತೂ ಇತ್ತು. ಪ್ರೀಪೇಯ್ಡ್ ಪ್ರಧಾನವಾದ ಮಾರುಕಟ್ಟೆಯಲ್ಲಿ ನಂಬಿಕೆಯ ಭಾರ ಹೊತ್ತವರು ಗ್ರಾಹಕರು. ಇನ್ನು ಫೋನಿನ ಕಂತು ವ್ಯವಹಾರ ಬ್ಯಾಂಕು ಮತ್ತು ಹಣಕಾಸು ಸಂಸ್ಥೆಗಳ ಪಾಲಾಗಿ, ಸಿಮ್ ಬದಲಿಸಲು ಅದು ಅಡ್ಡಿಯಾಗುವುದಿಲ್ಲ. 2011ರ ಜನವರಿಯಿಂದ ದೇಶವ್ಯಾಪಿಯಾದ ಸಂಖ್ಯೆ ವರ್ಗಾವಣೆ ಈ ಸ್ವಾತಂತ್ರ್ಯವನ್ನು ಬಲಪಡಿಸಿತು.

ಅಮೆರಿಕಕ್ಕೆ ಹೊಸದಾಗಿ ಹೋಗುವ ಕನ್ನಡಿಗ ವಿದ್ಯಾರ್ಥಿಗಳಿಗೂ ಈ ಹೋಲಿಕೆ ಹೊರಗಿನದಲ್ಲ. ಪೋಸ್ಟ್‌ಪೇಯ್ಡ್ ಸಂಪರ್ಕಕ್ಕೂ ಕಂತಿಗೂ ಅಲ್ಲಿ ಸಾಲದ ಪೂರ್ವಚರಿತ್ರೆ ನೋಡುತ್ತಾರೆ. ಅದಿಲ್ಲದವರಿಗೆ ಠೇವಣಿ ಇಲ್ಲವೇ ಪ್ರೀಪೇಯ್ಡ್ ಗತಿ. ಊರಿನಿಂದ ಒಯ್ದ, ಲಾಕ್ ಇಲ್ಲದ ಫೋನು ಅವರಿಗೆ ಅಗ್ಗದ ಪ್ಲಾನಿನ ಬಾಗಿಲು ತೆರೆಯುತ್ತದೆ.

9. ಸಮಾರೋಪ

ಮೂರು ಅಂಶಗಳು ಸ್ಪಷ್ಟ. ಒಂದು, ಸಬ್ಸಿಡಿ ಕರಾರು ಎಲ್ಲರಿಗೂ ನಷ್ಟವಾಗಿರಲಿಲ್ಲ. ದುಬಾರಿ ಫೋನನ್ನು 24ನೆಯ ತಿಂಗಳಿಗೇ ಬದಲಿಸುವವರಿಗೆ ಕೆಲವೊಮ್ಮೆ ಲಾಭವೇ ಆಯಿತು. ಆ ಲಾಭಕ್ಕೆ ಹಣ ಬಂದದ್ದು ಹಳೆಯ ಫೋನು ಇಟ್ಟುಕೊಂಡವರ ಬಿಲ್ಲಿನಿಂದ. ಎರಡು, ಕರಾರುರಹಿತ ಯೋಜನೆಯ ನಿಜವಾದ ಕೊಡುಗೆ ಅಗ್ಗದ ದರಕ್ಕಿಂತ ಬಿಡಿಬಿಡಿಯಾದ ಲೆಕ್ಕ. ಪೈಪೋಟಿಯಿಂದ ದರ ಇಳಿದದ್ದು ಅದರ ಬೆನ್ನಿಗೆ. ಮೂರು, ಲೆಕ್ಕ ಮತ್ತೆ ಮರೆಯಾದಲ್ಲಿ ಕಟ್ಟುಪಾಡೂ ಹೊಸ ಹೆಸರಿನಲ್ಲಿ ಮರಳುತ್ತದೆ.

ಆದ್ದರಿಂದ ನಿಯಂತ್ರಣ ಸಂಸ್ಥೆಗಳು ಕರಾರನ್ನು ನಿಷೇಧಿಸುವುದಕ್ಕಿಂತ, ಪ್ರತಿ ಬಿಲ್ಲಿನಲ್ಲೂ ಸೇವೆಯ ದರ, ಹ್ಯಾಂಡ್‌ಸೆಟ್ ಕಂತು ಮತ್ತು ಈ ತಿಂಗಳು ಹೊರಹೋದರೆ ತೆರಬೇಕಾದ ಒಟ್ಟು ಮೊತ್ತ ಈ ಮೂರನ್ನೂ ಪ್ರತ್ಯೇಕ ಸಾಲುಗಳಲ್ಲಿ ಮುದ್ರಿಸುವಂತೆ ಮಾಡುವುದು ಹೆಚ್ಚು ಫಲಕಾರಿ. ಮೂರನೆಯ ಸಾಲಿನ ಅಂಕಿ ತಿಂಗಳಿನಿಂದ ತಿಂಗಳಿಗೆ ಎಷ್ಟು ಇಳಿಯುತ್ತಿದೆ ಎಂಬುದನ್ನು ನೋಡಿದರೆ ಸಾಕು, ತಾವು ಕಟ್ಟುತ್ತಿರುವುದು ಸಾಲವೋ ದಂಡವೋ ಎಂಬುದು ಗ್ರಾಹಕರಿಗೆ ತಿಳಿಯುತ್ತದೆ.